ಬಸ್ಸು ತನ್ನ ನಂಬರನ್ನು ತಾನೇ ಹೇಳಲಿ: ಸಾರಿಗೆ ಸಚಿವರಿಗೊಂದು ಬಹಿರಂಗ ಪತ್ರ

ಮಾನ್ಯ ಸಾರಿಗೆ ಸಚಿವರಿಗೆ,

ನಮಸ್ಕಾರ.

ನನಗೆ ಹುಟ್ಟಿನಿಂದಲೇ ಕಣ್ಣು ಕಾಣುವುದಿಲ್ಲ. ಕಚೇರಿಯೊಂದರಲ್ಲಿ ಟೆಲಿಫೋನ್ ಆಪರೇಟರ್ ಆಗಿದ್ದೇನೆ. ದಿನಾ ಬಸ್ಸು ಬದಲಿಸಿಕೊಂಡು ಕೆಲಸಕ್ಕೆ ಹೋಗಿ ಬರುತ್ತೇನೆ. ಅಂಧರಿಗೆ ಕೊಡುವ ಉಚಿತ ಪಾಸು ನನ್ನ ಹತ್ತಿರ ಮೊದಲಿಂದಲೂ ಇತ್ತು. 2023ರ ಜೂನ್‌ನಲ್ಲಿ ಶಕ್ತಿ ಯೋಜನೆ ಬಂದು ಹೆಂಗಸರಿಗೆಲ್ಲ ಫ್ರೀ ಆಯಿತು. ಹಾಗಾಗಿ ನನಗೀಗ ಎರಡೆರಡು ಸಲ ಉಚಿತ. ಕಣ್ಣಿಲ್ಲದ್ದಕ್ಕೆ ಒಂದು, ಹೆಂಗಸಾಗಿದ್ದಕ್ಕೆ ಇನ್ನೊಂದು. ಇದಕ್ಕೆ ಧನ್ಯವಾದ, ಮನಸಾರೆ ಹೇಳುತ್ತಿದ್ದೇನೆ. ಆದರೆ ಸಾರ್, ಹತ್ತಬೇಕಾದ ಬಸ್ಸು ಯಾವುದು ಅಂತ ಗೊತ್ತಾದರೆ ತಾನೇ ಪಾಸು ತೋರಿಸುವುದು?

ನಾನು ಕೇಳುವುದು ಇಷ್ಟೇ. ಸ್ಟಾಪಿಗೆ ಬಂದ ಬಸ್ಸು ತನ್ನ ನಂಬರನ್ನು, ಎಲ್ಲಿಗೆ ಹೋಗುತ್ತದೆ ಅನ್ನುವುದನ್ನು, ಹೊರಗೆ ನಿಂತವರಿಗೆ ಕೇಳುವ ಹಾಗೆ ಹೇಳಬೇಕು. ಕಣ್ಣಿದ್ದವರಿಗೆ ಹಣೆಯ ಮೇಲೆ ದೊಡ್ಡ ಬೋರ್ಡು ಹಾಕಿದ್ದೀರಿ. ನಮಗೆ ಅದೇ ವಿಷಯ ಕಿವಿಗೆ ಬೀಳಲಿ.

‘ಈಗ ಮೊಬೈಲ್ ಇದೆಯಲ್ಲಮ್ಮ’ ಅಂತ ಎಲ್ಲರೂ ಹೇಳುತ್ತಾರೆ. ಇದೆ. ಪರದೆಯ ಮೇಲಿರುವುದನ್ನು ಓದಿ ಹೇಳುತ್ತದೆ. ಮನೆಯಿಂದ ಸ್ಟಾಪಿನವರೆಗೆ ಎಡಕ್ಕೆ, ಬಲಕ್ಕೆ ಅಂತ ದಾರಿ ತೋರಿಸುತ್ತದೆ. ಬಸ್ಸು ಎರಡು ನಿಮಿಷದಲ್ಲಿ ಬರುತ್ತದೆ ಅಂತಲೂ ಹೇಳುತ್ತದೆ. ಅಷ್ಟು ಹೊತ್ತಿಗೆ ಮೂರು ಬಸ್ಸು ಒಂದರ ಹಿಂದೆ ಒಂದು ಬಂದು ನಿಲ್ಲುತ್ತವೆ. ಒಂದು ಸ್ಟಾಪಿನಲ್ಲಿ, ಒಂದು ಸ್ಟಾಪಿಗಿಂತ ಮುಂದೆ, ಇನ್ನೊಂದು ರಸ್ತೆ ಮಧ್ಯೆ. ಮೂರರಲ್ಲಿ ನನ್ನದು ಯಾವುದು, ಬಾಗಿಲು ಎಲ್ಲಿದೆ? ಜಿಪಿಎಸ್‌ಗೆ ಅಷ್ಟು ಸೂಕ್ಷ್ಮ ತಿಳಿಯುವುದಿಲ್ಲ, ನಾಲ್ಕಾರು ಮೀಟರ್ ಆಚೀಚೆ ಅದಕ್ಕೆ ಲೆಕ್ಕವೇ ಅಲ್ಲ. ನಮ್ಮ ಪಾಡೆಲ್ಲ ಇರುವುದು ಆ ನಾಲ್ಕಾರು ಮೀಟರಿನಲ್ಲೇ. ಮುಂಚೆ ಡೀಸೆಲ್ ಬಸ್ಸಿನ ಗದ್ದಲದಿಂದಲಾದರೂ ಬಸ್ಸು ಬಂತು ಅಂತ ಗೊತ್ತಾಗುತ್ತಿತ್ತು. ಈಗಿನ ಎಲೆಕ್ಟ್ರಿಕ್ ಬಸ್ಸುಗಳು ಬಂದಿದ್ದೂ ಗೊತ್ತಾಗಲ್ಲ, ಹೋಗಿದ್ದೂ ಗೊತ್ತಾಗಲ್ಲ.

ಹಾಗಾಗಿ ಪಕ್ಕದಲ್ಲಿ ಯಾರೋ ನಿಂತಿದ್ದಾರೆ ಅನ್ನಿಸಿದ ಕಡೆ ತಿರುಗಿ ಕೇಳುತ್ತೇನೆ. ಬೆಳಗ್ಗೆಯಾದರೆ ಪರವಾಗಿಲ್ಲ, ಜನ ಒಳ್ಳೆಯವರು, ಹೇಳುತ್ತಾರೆ. ರಾತ್ರಿ ಎಂಟರ ಮೇಲೆ ನನ್ನ ಸ್ಥಿತಿ ಯೋಚಿಸಿ. ಮುಖ ಗೊತ್ತಿಲ್ಲದ ಗಂಡಸಿಗೆ ನಾನು ಒಬ್ಬಳೇ ಇದ್ದೇನೆ, ಕಣ್ಣು ಕಾಣಲ್ಲ, ಇಂಥ ಏರಿಯಾಕ್ಕೆ ಹೋಗಬೇಕು ಅಂತ ನಾನಾಗಿಯೇ ಹೇಳಬೇಕು. ನಿಮ್ಮ ಮನೆ ಹೆಣ್ಣುಮಕ್ಕಳಿಗೆ ಹೀಗೆ ಮಾಡು ಅಂತ ಹೇಳುತ್ತೀರಾ? ‘ಬನ್ನಿ ಹತ್ತಿಸ್ತೀನಿ’ ಅಂತ ತೋಳು ಹಿಡಿಯುವ ಕೈ ಎಲ್ಲ ಸಲವೂ ತೋಳಿನಲ್ಲೇ ಇರುವುದಿಲ್ಲ. ಇದಕ್ಕಿಂತ ಬಿಡಿಸಿ ಬರೆಯಲು ನನಗೆ ಇಷ್ಟವಿಲ್ಲ.

ಈಗ ಈ ಪತ್ರ ಬರೆಯಲು ಕಾರಣವಾದ ಸಂಗತಿ. ಊರು, ಡಿಪೋ ಬರೆಯುವುದಿಲ್ಲ. ಬರೆದರೆ ಪಾಪ ಆ ಕಂಡಕ್ಟರ್‌ಗೆ ಮೆಮೊ ಹೋಗುತ್ತದೆ, ಸ್ಪೀಕರ್ ಮಾತ್ರ ಬರುವುದಿಲ್ಲ.

ಕಳೆದ ಮಳೆಗಾಲದ ಒಂದು ಸಂಜೆ. ಸ್ಟಾಪಿನಲ್ಲಿ ಕೇಳಿದೆ. ‘ಇದೇ, ಹತ್ತಿ ಹತ್ತಿ’ ಅಂದರು ಯಾರೋ. ಹತ್ತಿದೆ. ಕಾಲಿಡಲು ಜಾಗವಿರಲಿಲ್ಲ. ಮುಂದಿನ ನಿಲ್ದಾಣ ಹೇಳುವ ಸ್ಪೀಕರ್ ಬಸ್ಸಿನೊಳಗೆ ಇತ್ತಂತೆ, ಆದರೆ ಆಫ್ ಮಾಡಿದ್ದರು. ಅದರ ಸದ್ದಿಗೆ ಡ್ರೈವರ್‌ಗೆ ತಲೆನೋವು ಬರುತ್ತದಂತೆ. ಕಂಡಕ್ಟರ್ ಟಿಕೆಟ್ ಕೊಡಲು ನನ್ನ ಹತ್ತಿರ ಬರುವಷ್ಟರಲ್ಲಿ ಬಸ್ಸು ರಿಂಗ್ ರೋಡಿಗೆ ಬಂದಾಗಿತ್ತು. ‘ಇದು ಅಲ್ಲಿಗೆ ಹೋಗಲ್ಲಮ್ಮ. ಕಣ್ಣು ಕಾಣಲ್ಲ ಅಂದ್ಮೇಲೆ ಒಬ್ಬಳೇ ಯಾಕೆ ಬರ್ತೀಯ? ಜೊತೆಗೆ ಯಾರನ್ನಾದ್ರೂ ಕರ್ಕೊಂಡು ಬರಬಾರದಾ?’ ಅಂದರು. ವಿಸಿಲ್ ಹಾಕಿ, ಸ್ಟಾಪೇ ಇಲ್ಲದ ಕಡೆ ಇಳಿಸಿದರು. ಅಲ್ಲಿ ಚರಂಡಿ ಕೆಲಸಕ್ಕೆ ಅಗೆದು ಹಾಗೇ ಬಿಟ್ಟಿದ್ದರು. ಎರಡನೇ ಹೆಜ್ಜೆಗೆ ಮೊಣಕಾಲಿನವರೆಗೆ ಕೆಸರು ನೀರು. ಕೋಲು ಮುರಿಯಿತು. ಪಕ್ಕದಲ್ಲಿ ಎಗ್‌ರೈಸ್ ಗಾಡಿ ಇಟ್ಟುಕೊಂಡಿದ್ದ ಒಬ್ಬ ಅಕ್ಕ ಓಡಿ ಬಂದು ಎಳೆದು, ಕಾಲು ತೊಳೆಸಿ, ಆಟೋ ಹತ್ತಿಸಿ, ಆಟೋ ನಂಬರನ್ನು ನನ್ನ ತಂಗಿಗೆ ಫೋನಿನಲ್ಲಿ ಹೇಳಿದರು. ಅವರಿಗೆ ಯಾವ ಇಲಾಖೆಯ ತರಬೇತಿಯೂ ಇರಲಿಲ್ಲ.

ಮಾರನೇ ದಿನ ದೂರು ಕೊಡಲು ಕುಳಿತೆ. ವೆಬ್‌ಸೈಟಿನಲ್ಲಿ ಕೊನೆಗೆ ‘ಚಿತ್ರದಲ್ಲಿರುವ ಅಕ್ಷರಗಳನ್ನು ಟೈಪ್ ಮಾಡಿ’ ಅಂತ ಬಂತು. ಚಿತ್ರ! ಸಹೋದ್ಯೋಗಿಯೊಬ್ಬರು ಮಾಡಿಕೊಟ್ಟರು. ಆಮೇಲೆ ಒಬ್ಬರು ಫೋನ್ ಮಾಡಿದರು.

‘ಬಸ್ಸಿನ ನಂಬರ್ ಹೇಳಿ ಮೇಡಂ.’

‘ನನಗೆ ಕಣ್ಣು ಕಾಣಲ್ಲ ಸಾರ್. ದೂರೇ ಅದು.’

‘ಸರಿ ಮೇಡಂ, ಫೋಟೋ ಏನಾದ್ರೂ ತೆಗೆದಿದ್ದೀರಾ?’

ಕೆಲವು ದಿನಗಳ ನಂತರ ಮೆಸೇಜ್ ಬಂತು. ‘ವಾಹನದ ಸಂಖ್ಯೆ ನೀಡದ ಕಾರಣ ತಮ್ಮ ದೂರನ್ನು ಮುಕ್ತಾಯಗೊಳಿಸಲಾಗಿದೆ.’ ಬಸ್ಸಿನ ನಂಬರ್ ನನಗೆ ಗೊತ್ತಾಗುವುದಿಲ್ಲ ಅಂತ ನಾನು ಕೊಟ್ಟ ದೂರು, ಬಸ್ಸಿನ ನಂಬರ್ ನನಗೆ ಗೊತ್ತಿಲ್ಲ ಅನ್ನುವ ಕಾರಣಕ್ಕೇ ಮುಗಿಯಿತು. ಮೊದಲು ನಕ್ಕೆ. ಆಮೇಲೆ ನಗು ಬರಲಿಲ್ಲ.

ಲಂಡನ್ನಿನ ಬಸ್ಸುಗಳು ಎಷ್ಟೋ ವರ್ಷದಿಂದ ಮಾತಾಡುತ್ತಿವೆ. ಅದನ್ನು ಹೇಳಿದರೆ ‘ಅದು ಲಂಡನ್ನು’ ಅಂತೀರಿ. ಬೇಡ. ಮೈಸೂರಿಗೆ ಹೋಗಿ ನೋಡಿ. ಅಲ್ಲಿಯ ಸಿಟಿ ಬಸ್ಸುಗಳಲ್ಲಿ 200ಕ್ಕೆ ಕೆಎಸ್‌ಆರ್‌ಟಿಸಿಯವರೇ ‘ಧ್ವನಿ ಸ್ಪಂದನ’ ಅಂತ ವ್ಯವಸ್ಥೆ ಹಾಕಿದ್ದಾರೆ. ಇದರ ಹಿಂದೆ ಇರುವುದು ಐಐಟಿ ದೆಹಲಿಯಲ್ಲಿ ತಯಾರಾದ ಆನ್‌ಬೋರ್ಡ್ ಸಾಧನ. ನಮ್ಮ ಕೈಯಲ್ಲಿ ಒಂದು ಚಿಕ್ಕ ಉಪಕರಣ, ಬಸ್ಸಿನ ಬಾಗಿಲ ಹತ್ತಿರ ಒಂದು ಸ್ಪೀಕರ್. ಗುಂಡಿ ಒತ್ತಿದರೆ ಹತ್ತಿರ ಬಂದಿರುವ ಬಸ್ಸುಗಳ ನಂಬರು ಕೈಯಲ್ಲೇ ಕೇಳುತ್ತದೆ. ನಮಗೆ ಬೇಕಾದ್ದನ್ನು ಆರಿಸಿ ಒತ್ತಿದರೆ ಆ ಬಸ್ಸು ಹೊರಗಿನಿಂದ ಕೂಗುತ್ತದೆ. ದನಿ ಬಂದ ಕಡೆ ನಡೆದರೆ ಬಾಗಿಲು. ಇಂಟರ್ನೆಟ್ ಬೇಡ, ರೇಡಿಯೋ ಅಲೆ ಸಾಕು. ನಾವು ಒತ್ತಿದಾಗ ಮಾತ್ರ ಕೂಗುವುದರಿಂದ ಡ್ರೈವರ್ ಸಾಹೇಬರ ತಲೆನೋವಿನ ಚಿಂತೆಯೂ ಬೇಡ.

ಅಂದರೆ ಕಂಡುಹಿಡಿಯುವ ಕೆಲಸ ಮುಗಿದಿದೆ. ಹಾಕಿ ನೋಡುವ ಕೆಲಸವೂ ನಮ್ಮ ರಾಜ್ಯದಲ್ಲೇ ಮುಗಿದಿದೆ. ಉಳಿದಿರುವುದು ನಿಮ್ಮ ಒಂದು ಸಹಿ. ಮೈಸೂರಿನ ಅಂಧರಿಗೆ ಬೇಕಾದ್ದು ಹುಬ್ಬಳ್ಳಿಯವರಿಗೆ ಬೇಡವಾ? ಕಲಬುರಗಿಯವರಿಗೆ? ಬೆಂಗಳೂರಿನವರಿಗೆ? 2011ರ ಜನಗಣತಿಯಲ್ಲೇ ರಾಜ್ಯದಲ್ಲಿ ದೃಷ್ಟಿದೋಷ ಇರುವವರು 2.64 ಲಕ್ಷ. ಅಷ್ಟೂ ಜನ ಜೊತೆಗೊಬ್ಬರನ್ನು ಕರ್ಕೊಂಡು ಬರಬೇಕಾ?

ಕಾನೂನು ನಿಮಗೆ ಗೊತ್ತೇ ಇದೆ, ನಾನು ಪಾಠ ಹೇಳುವುದಿಲ್ಲ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ, ಸೆಕ್ಷನ್ 41: ಸಾಧ್ಯವಿರುವ ಕಡೆ ಹಳೆಯ ವಾಹನಗಳಿಗೂ ಅನುಕೂಲ ಅಳವಡಿಸಬೇಕು. ಸೆಕ್ಷನ್ 46: ನಿಯಮ ಬಂದ ಎರಡು ವರ್ಷದೊಳಗೆ ಸೇವೆಗಳು ನಮಗೆ ಸಿಗುವಂತಾಗಬೇಕು. ನಿಯಮ ಬಂದಿದ್ದು 2017ರ ಜೂನ್‌ನಲ್ಲಿ. ಲೆಕ್ಕ ನೀವೇ ಹಾಕಿ. ನನ್ನ ಹಾಗೇ ದೃಷ್ಟಿದೋಷವಿರುವ ರಾಜೀವ್ ರತೂರಿ ಹಾಕಿದ್ದ ಪ್ರಕರಣದಲ್ಲಿ 2024ರ ನವೆಂಬರ್ 8ರಂದು ಸುಪ್ರೀಂ ಕೋರ್ಟ್ ಅಂಗವಿಕಲರ ಅನುಕೂಲಕ್ಕೆಂದು ಇರುವ ಇಂಥ ಮಾನದಂಡ ಬರೀ ಸಲಹೆಯಾಗಿದ್ದರೆ ಸಾಲದು, ಕಡ್ಡಾಯ ಆಗಬೇಕು ಅಂತ ಹೇಳಿತು. ಅದೂ ನಿಮ್ಮ ಟೇಬಲ್ಲಿಗೆ ಬಂದಿರುತ್ತದೆ, ಅಲ್ವಾ?

ವರ್ಷ ವರ್ಷ ಡಿಸೆಂಬರ್ 3ಕ್ಕೆ, ವಿಶ್ವ ಅಂಗವಿಕಲರ ದಿನ ಅಂತ, ನಮ್ಮನ್ನು ಕರೆದು ಶಾಲು ಹೊದಿಸುತ್ತೀರಿ. ಆ ಕಾರ್ಯಕ್ರಮಕ್ಕೆ ಬರಲೂ ನಾನು ಸ್ಟಾಪಿನಲ್ಲಿ ನಿಂತು ‘ಸಾರ್, ಇದು ಯಾವ ಬಸ್ಸು?’ ಅಂತ ಕೇಳಬೇಕು.

ಬಸ್ಸು ತನ್ನ ನಂಬರನ್ನು ತಾನೇ ಹೇಳಲಿ. ರಾಜ್ಯದ ಎಲ್ಲ ನಗರ ಸಾರಿಗೆ ಬಸ್ಸುಗಳಲ್ಲೂ ಹೇಳಲಿ, ಹೊಸದಕ್ಕೆ ಟೆಂಡರಿನಲ್ಲೇ ಬರೆಯಿರಿ, ಹಳೆಯದಕ್ಕೆ ಅಳವಡಿಸಿ. ಒಳಗಿನ ಸ್ಪೀಕರ್ ಆಫ್ ಮಾಡುವ ಸ್ವಿಚ್ಚು ಡ್ರೈವರ್ ಕೈಗೆ ಸಿಗದಿರಲಿ. ದೂರಿನ ಫಾರಂನಲ್ಲಿ ಬಸ್ಸಿನ ನಂಬರ್ ಕೇಳುವ ಜಾಗದ ಪಕ್ಕ ‘ಕಾಣುವುದಿಲ್ಲ’ ಅಂತಲೂ ಒಂದು ಆಯ್ಕೆ ಇರಲಿ. ಮೊದಲನೆಯದು ಆದರೆ ಉಳಿದೆರಡಕ್ಕೆ ನಾನು ಇನ್ನೂ ಸ್ವಲ್ಪ ಕಾಯುತ್ತೇನೆ. ಬಸ್ಸು ತನ್ನ ನಂಬರನ್ನು ತಾನೇ ಹೇಳಲಿ.

ಉತ್ತರ ಬರೆಯುವುದಾದರೆ ದಯವಿಟ್ಟು ಯೂನಿಕೋಡ್‌ನಲ್ಲಿ ಟೈಪ್ ಮಾಡಿಸಿ ಕಳಿಸಿ. ಹಳೆಯ ನುಡಿ ಫಾಂಟಿನಲ್ಲಿ ಬಂದರೆ ನನ್ನ ಕಂಪ್ಯೂಟರ್ ಅದನ್ನು ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳಾಗಿ ಓದುತ್ತದೆ. ಸಹಿ, ಸೀಲು ಹಾಕಿ ಸ್ಕ್ಯಾನ್ ಮಾಡಿ ಕಳಿಸಿದರೆ ಅದನ್ನೂ ಓದುವುದಿಲ್ಲ, ‘ಚಿತ್ರ’ ಅಂತ ಹೇಳಿ ಸುಮ್ನಾಗುತ್ತದೆ.

ಇತಿ,
ದಿನಾ ಬಸ್ಸಿಗೆ ಕಾಯುವ ಒಬ್ಬ ಪ್ರಯಾಣಿಕಳು