ಬಲೆಗೆ ಸಿಕ್ಕ ಬಂದೂಕನ್ನು ಬಿಸಿಲಿಗಿಡಬೇಡಿ

ಮಾನ್ಯರೇ,

ಕಾಳಿ ನದಿ ಕಡಲು ಸೇರುವಲ್ಲಿ, ಸದಾಶಿವಗಡದ ಕೆಳಗೆ, ಹೋದ ವರ್ಷ ನನ್ನ ಬಲೆಗೆ ಭಾರದ ಕೊಳವೆಯೊಂದು ಸಿಕ್ಕಿತು. ಮೈತುಂಬ ಕಲ್ವಾ ಚಿಪ್ಪು. ಕೆರೆದು ನೋಡಿದರೆ ಹಳೇ ಬಂದೂಕಿನ ನಳಿಗೆ! ಖುಷಿಯಲ್ಲಿ ಅಂಗಳದ ಬಿಸಿಲಿಗಿಟ್ಟೆ. ಕೆಲವೇ ದಿನಗಳಲ್ಲಿ ಪದರು ಪದರಾಗಿ ಉದುರಿತು. ಈಗಲೂ ಹೊಟ್ಟೆ ಉರಿಯುತ್ತದೆ.

ಕಬ್ಬಿಣದೊಳಗೆ ಸೇರಿದ ಉಪ್ಪು, ಒಣಗಿದಾಗ ಅದನ್ನು ಒಳಗಿಂದಲೇ ಒಡೆಯುತ್ತದೆ. ಹಾಗಾಗಿ ಇಂಥದ್ದು ಸಿಕ್ಕರೆ ನೀರಲ್ಲೇ ಮುಳುಗಿಸಿಡಿ, ಸುಮ್ನೆ ಕೆರೆಯಬೇಡಿ. ಒಳಗೆ ಸಿಡಿಮದ್ದು ತುಂಬಿರಲೂಬಹುದು, ಮಕ್ಕಳನ್ನು ದೂರವಿಡಿ. ಸಿಕ್ಕ ಜಾಗ ಬರೆದಿಟ್ಟು ಪೊಲೀಸರಿಗೂ ಪುರಾತತ್ವ ಇಲಾಖೆಗೂ ತಿಳಿಸಿ. 1972ರ ಪುರಾವಸ್ತು ಕಾಯ್ದೆಯಂತೆ 100 ವರ್ಷ ದಾಟಿದ ಇಂಥ ವಸ್ತು ಪುರಾವಸ್ತು. ಗುಜರಿಗೆ ಹಾಕುವುದು ತಪ್ಪಲ್ವಾ?

ಮೀನುಗಾರಿಕೆ ಬಂದರುಗಳಲ್ಲಿ ಇಷ್ಟನ್ನು ಒಂದು ಫಲಕದಲ್ಲಿ ಬರೆಸಿ ಹಾಕಿ.

– ಒಬ್ಬ ಮೀನುಗಾರ, ಕಾರವಾರ