ರೆಕಾರ್ಡ್ ಮಾಡಿದ ತಾಳಮದ್ದಳೆ ಡಿಸ್ಕಿಗೆ ಇಳಿಯಲಿ

ಮಾನ್ಯ ಸಂಪಾದಕರೇ,

ದೂರದರ್ಶನದ ಚಂದನ ವಾಹಿನಿಯಲ್ಲಿ ಬರುವ ಯಕ್ಷಗಾನ, ತಾಳಮದ್ದಳೆಗಳನ್ನು ಸೆಟ್‌ಟಾಪ್ ಬಾಕ್ಸಿನಲ್ಲಿ ರೆಕಾರ್ಡ್ ಮಾಡಿ, ಡಿವಿಡಿಗೆ ಇಳಿಸಿ, ಕಾಸರಗೋಡಿನ ಕನ್ನಡ ಮಾಧ್ಯಮ ಶಾಲೆಗಳ ಮಕ್ಕಳಿಗೆ ತೋರಿಸಬೇಕೆನ್ನುವವರಿಗೆ ಎದುರಾಗುವ ಅಡ್ಡಿಯೊಂದನ್ನು ತಮ್ಮ ಪತ್ರಿಕೆಯ ಮೂಲಕ ಸಂಬಂಧಪಟ್ಟವರ ಗಮನಕ್ಕೆ ತರಬಯಸುತ್ತೇನೆ.

ಹಣ ಕೊಟ್ಟು ಪಡೆಯುವ ಡಿಟಿಎಚ್ ಸೇವೆಗಳ ಅನೇಕ ಬಾಕ್ಸ್‌ಗಳು ರೆಕಾರ್ಡಿಂಗನ್ನು ಗೂಢಲಿಪಿಯಲ್ಲಿ ಉಳಿಸಿಕೊಳ್ಳುತ್ತವೆ. ಅದನ್ನು ಬಿಡಿಸುವ ಕೀಲಿಯು ಆ ಬಾಕ್ಸಿನಲ್ಲಿ ಮಾತ್ರ ಇರುತ್ತದೆ. ಕಳೆದ ತುಲಾ ಮಾಸದ ಸಿಡಿಲಿಗೆ ನಮ್ಮ ಮನೆಯ ಬಾಕ್ಸ್ ಕೆಟ್ಟಾಗ ಕಂಪೆನಿಯವರು ಬೇರೊಂದನ್ನು ಕೊಟ್ಟರು. ಆದರೆ ಹಳೆಯದಕ್ಕೆ ಜೋಡಿಸಿದ್ದ ಹಾರ್ಡ್ ಡಿಸ್ಕ್ ಸರಿಯಾಗಿಯೇ ಇದ್ದರೂ ಅದರಲ್ಲಿದ್ದ ಪ್ರಸಂಗಗಳನ್ನು ಹೊಸ ಬಾಕ್ಸಾಗಲಿ ಕಂಪ್ಯೂಟರಾಗಲಿ ಓದಲಿಲ್ಲ. ಬಾಕ್ಸಿನಿಂದ ಟಿವಿಗೆ ಚಿತ್ರ, ಧ್ವನಿಗಳನ್ನು ಒಯ್ಯುವ ಎಚ್‌ಡಿಎಂಐ ತಂತಿಯಿಂದ ನಕಲು ತೆಗೆಯಲು, ನಕಲನ್ನು ತಡೆಯುವ ಎಚ್‌ಡಿಸಿಪಿ ಎಂಬ ರಕ್ಷಣೆ ಬಿಡುವುದಿಲ್ಲ. ಉಳಿಯುವುದು ಹಳದಿ, ಕೆಂಪು, ಬಿಳಿ ಎವಿ ತಂತಿಯ ದಾರಿ. ಅದರಲ್ಲಿ ಎರಡು ಗಂಟೆಯ ಕಾರ್ಯಕ್ರಮವನ್ನು ನಕಲಿಸಲು ಎರಡು ಗಂಟೆಯೂ ಕಾಯಬೇಕು, ಚಿತ್ರದ ಸ್ಪಷ್ಟತೆಯೂ ಕುಂದುತ್ತದೆ. ಮಾತೇ ಮುಖ್ಯವಾದ ತಾಳಮದ್ದಳೆಗೆ ಇದು ಸಾಕಾದೀತು. ಬಣ್ಣದ ವೇಷದ ಮುಖವರ್ಣಿಕೆಯನ್ನು ನೋಡಿ ಕಲಿಯಬೇಕಾದ ಮಕ್ಕಳಿಗೆ ಸಾಲದು.

ಇದೇ ಚಂದನ ವಾಹಿನಿಯು ತಿಂಗಳ ಶುಲ್ಕವಿಲ್ಲದ, ದೂರದರ್ಶನದ ಫ್ರೀ ಡಿಶ್ ಸೇವೆಯಲ್ಲಿ ಬೀಗವಿಲ್ಲದೆ ಬರುತ್ತದೆ. ರೆಕಾರ್ಡಿಂಗ್ ಸೌಲಭ್ಯವುಳ್ಳ ಸಾಮಾನ್ಯ ಫ್ರೀ ಡಿಶ್ ಬಾಕ್ಸ್‌ಗಳು ಅದನ್ನು ಪೆನ್‌ಡ್ರೈವ್‌ಗೆ ಬರೆದುಕೊಡುತ್ತವೆ. ಆ ಕಡತವನ್ನು ಕಂಪ್ಯೂಟರಿನಲ್ಲಿ ತೆರೆದು 4.7 ಜಿಬಿಯ ಒಂದು ಡಿವಿಡಿಗೆ ಸುಮಾರು ಎರಡು ಗಂಟೆಯಷ್ಟನ್ನು ಒಳ್ಳೆಯ ಗುಣಮಟ್ಟದಲ್ಲಿ ಇಳಿಸಬಹುದು. ಸರಕಾರಿ ವಾಹಿನಿಯ ಒಂದೇ ಕಾರ್ಯಕ್ರಮವು ಹಣ ಕೊಡದವನಿಗೆ ತೆರೆದಿದ್ದು, ತಿಂಗಳು ತಿಂಗಳು ಹಣ ಕಟ್ಟುವವನಿಗೆ ಮುಚ್ಚಿರುವುದು ಯಾವ ನ್ಯಾಯ?

ಕಾನೂನು ಇದಕ್ಕೆ ಅಡ್ಡ ಬರುವುದಿಲ್ಲ. 1957ರ ಕೃತಿಸ್ವಾಮ್ಯ ಕಾಯಿದೆಯ 39ನೇ ಸೆಕ್ಷನ್, ಸ್ವಂತ ಖಾಸಗಿ ಉಪಯೋಗಕ್ಕಾಗಿ ಅಥವಾ ಪ್ರಾಮಾಣಿಕವಾದ ಬೋಧನೆ, ಸಂಶೋಧನೆಗಳಿಗಾಗಿ ಮಾತ್ರ ಮಾಡಿಕೊಳ್ಳುವ ದೃಶ್ಯ ಹಾಗೂ ಧ್ವನಿ ಮುದ್ರಣವನ್ನು ಪ್ರಸಾರಕರ ಮತ್ತು ಕಲಾವಿದರ ಹಕ್ಕಿನ ಉಲ್ಲಂಘನೆಯೆಂದು ಎಣಿಸುವುದಿಲ್ಲ. ಡಿಸ್ಕ್ ಮಾಡಿ ಮಾರುವುದು ಬೇರೆ ಮಾತು. ಅದನ್ನು ಯಾರೂ ಕೇಳುತ್ತಿಲ್ಲ.

1956ರ ನವೆಂಬರ್ 1ರಂದು ಕೇರಳಕ್ಕೆ ಸೇರಿದ ಈ ನೆಲವು ಯಕ್ಷಗಾನ ಕವಿ ಕುಂಬಳೆಯ ಪಾರ್ತಿಸುಬ್ಬನನ್ನು ಕೊಟ್ಟ ನೆಲ, ಶೇಣಿ ಗೋಪಾಲಕೃಷ್ಣ ಭಟ್ಟರ ಅರ್ಥಗಾರಿಕೆಯನ್ನು, ಅಂದರೆ ತಾಳಮದ್ದಳೆಯ ಮಾತುಗಾರಿಕೆಯನ್ನು, ಕೇಳಿ ಬೆಳೆದ ನೆಲ. ಇಲ್ಲಿನ ಮಕ್ಕಳಿಗೆ ತರಗತಿಯಲ್ಲಿ ಒಳ್ಳೆಯ ಕನ್ನಡ ಮಾತನ್ನು ಕೇಳಿಸಲು ತಾಳಮದ್ದಳೆಗಿಂತ ಮೇಲಾದ ಸಾಧನ ನನಗೆ ತಿಳಿದಿಲ್ಲ.

ಆದುದರಿಂದ ದೂರದರ್ಶನ ವಾಹಿನಿಗಳ ರೆಕಾರ್ಡಿಂಗಿಗೆ ಬೀಗ ಹಾಕಬಾರದೆಂದೂ, ಕೆಟ್ಟ ಬಾಕ್ಸನ್ನು ಬದಲಿಸುವಾಗ ಗ್ರಾಹಕರ ಹಳೆಯ ರೆಕಾರ್ಡಿಂಗ್‌ಗಳು ಹೊಸದರಲ್ಲಿ ತೆರೆಯುವಂತೆ ಮಾಡಿಕೊಡಬೇಕೆಂದೂ ಭಾರತೀಯ ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರವು ಡಿಟಿಎಚ್ ಕಂಪೆನಿಗಳಿಗೆ ಸೂಚಿಸಬೇಕಾಗಿ ವಿನಂತಿಸುತ್ತೇನೆ.

– ನಿವೃತ್ತ ಅಧ್ಯಾಪಕಿ, ಬದಿಯಡ್ಕ, ಕಾಸರಗೋಡು ಜಿಲ್ಲೆ