ಭಾನುವಾರದ ವೀಣೆ ಅಭ್ಯಾಸ: ಸಮಯ ಬದಲಾಗಿದೆ

ಎಲ್ಲರಿಗೂ ನಮಸ್ಕಾರ. ಈ ಭಾನುವಾರದ ಅಭ್ಯಾಸ ಮಧ್ಯಾಹ್ನ 3ಕ್ಕಲ್ಲ, ಬೆಳಿಗ್ಗೆ 7.30ಕ್ಕೆ. ಜಾಗ ನಮ್ಮ ಮನೆಯೇ.

ಕಾರಣ ಬಿಸಿಲು. ಹೋದ ತಿಂಗಳು ವೀಣೆಯನ್ನು ಒಂದು ಗಂಟೆ ಕಾರಿನಲ್ಲೇ ಬಿಟ್ಟಿದ್ದೆ. ಮೇಣ ಮೆತ್ತಗಾಗಿ, ಅದರಲ್ಲಿ ಕೂರಿಸಿದ ಮೆಟ್ಟಿಲುಗಳು (ತಂತಿಯನ್ನು ಒತ್ತಿ ಸ್ವರ ನುಡಿಸುವ ಲೋಹದ ಪಟ್ಟಿಗಳು) ಜರುಗಿದವು. 24 ಮೆಟ್ಟಿಲಿಗೂ ಹೊಸದಾಗಿ ಮೇಳ ಕಟ್ಟಿಸಬೇಕಾಯಿತು, ಅಂದರೆ ಸ್ವರಕ್ಕೆ ಸರಿಯಾಗಿ ಮತ್ತೆ ಮೇಣದಲ್ಲಿ ಕೂರಿಸಬೇಕಾಯಿತು. ಎಷ್ಟು ಸಂಕಟವಾಯಿತು ಅಂದರೆ ಹೇಳಲಾರೆ. ದಯವಿಟ್ಟು ನೀವು ಹಾಗೆ ಬಿಡಬೇಡಿ.

ಮಂಡಿ ನೋವಿರುವವರಿಗೆ ಕುರ್ಚಿ ಇದೆ. ಆದರೆ ವೀಣೆ ಇಡುವ ಎತ್ತರದ ಸ್ಟ್ಯಾಂಡ್ ಎರಡೇ, ಬೇಕಾದವರು ಮೊದಲೇ ಹೇಳಿ. ಸಂಕೋಚ ಬೇಡ. 60 ದಾಟಿದ ಮೇಲೆ ನಾನೂ ಕುರ್ಚಿಗೆ ಬಂದೆ, ಈಗ ಮೊದಲಿಗಿಂತ ಅರ್ಧ ಗಂಟೆ ಜಾಸ್ತಿನೇ ನುಡಿಸುತ್ತೇನೆ.

ಹಲಸಿನ ಮರದ ದೊಡ್ಡ ವೀಣೆ ಎತ್ತಿಕೊಂಡು ಬರುವುದು ಕಷ್ಟ ಅಲ್ವಾ? ಆಗದವರು ಸುಮ್ನೆ ಹಾಗೇ ಬನ್ನಿ. ಇಲ್ಲಿರುವ ಎರಡನ್ನು ಸರದಿಯಲ್ಲಿ ನುಡಿಸೋಣ. ಎಲೆಕ್ಟ್ರಾನಿಕ್ ತಂಬೂರಿ ನಾನು ಇಡುತ್ತೇನೆ, ಫೋನಿನ ಆ್ಯಪ್ ಬೇಡ. ಅದರ ಸಣ್ಣ ಸ್ಪೀಕರಿನಲ್ಲಿ ಮಂದ್ರದ (ತಗ್ಗು ಸ್ವರದ) ತಂತಿ ಕೇಳಿಸುವುದೇ ಇಲ್ಲ. ಓದುವ ಕನ್ನಡಕ ಮರೆಯಬೇಡಿ, ಸ್ವರಗಳನ್ನು ಈ ಸಲ ದಪ್ಪ ಅಕ್ಷರದಲ್ಲಿ ಬರೆದಿಟ್ಟಿದ್ದೇನೆ.

ಬರುವವರು ಶುಕ್ರವಾರ ರಾತ್ರಿಯೊಳಗೆ ಇಲ್ಲೇ ತಿಳಿಸಿ. ಕುರ್ಚಿ, ಸ್ಟ್ಯಾಂಡ್, ವೀಣೆ, ಇವುಗಳಲ್ಲಿ ಏನು ಬೇಕೆಂದೂ ಬರೆಯಿರಿ. ತಿಂಡಿಗೆ ಇಡ್ಲಿ ಇರುತ್ತದೆ.